ಮನೆತನದ ಲೇಖ್ಯಗಳೂ ಕಡತಗಳೂ

೧

ಮನೆತನದ ಸ್ಥಿತಿಯು ಭೂಮಿ, ಹೊನ್ನು, ಧಾನ್ಯ, ಪಶು ಎಂಬಿವುಗಳ ಮೇಲೆ ನಿಂತಿರುವುದೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಈ ವಸ್ತುಗಳು ಯಾರವು, ಎಷ್ಟು ಕಾಲದಿಂದ ಅವರವು, ಯಾವ ಋಣಕ್ಕೆ ಒಳಪಟ್ಟವು ಎಂಬ ಪ್ರಶ್ನೆಯು ಹುಟ್ಟಿದೊಡನೆ ಉತ್ತರ ಹೇಳತಕ್ಕುದು ವಸ್ತುವಲ್ಲ, ಲೇಖ್ಯ. ಹೊಲವು ತನ್ನ ಒಡೆಯನ ಹೆಸರನ್ನು ತಾನಾಗಿ ಹೇಳಲಾರದು; ತೀರಿದ ಸಾಲವು ತೀರಿತೆಂದು ತಾನೇ ಸಾರಲಾರದು. ಆರು ತಿಂಗಳು ಕಳೆಯುವುದರೊಳಗಾಗಿಯೇ ಜನರಿಗೆ ನಡೆದ ಸಂಗತಿಯಲ್ಲಿ ಭ್ರಾಂತಿಯುಂಟಾಗುವುದೆಂದೂ, ಆ ಕಾರಣದಿಂದಲೇ ವಿಧಾತನು ಅಕ್ಷರಗಳನ್ನು ಸೃಷ್ಟಿಸಿ ಪತ್ರಾರೂಢವಾಗಿ ಮಾಡಿದನೆಂದೂ ಬೃಹಸ್ಪತಿಯ ಹೆಸರಿನಲ್ಲಿ ನಿಬಂಧಕಾರರು ಹೇಳಿರುವುದು ಈ ಅಭಿಪ್ರಾಯದಿಂದಲೇ.

ಕನ್ನಡನಾಡಿನಲ್ಲಿ ಕಾವ್ಯ, ಪುರಾಣ, ಶಾಸ್ತ್ರಗ್ರಂಥಗಳ ಓಲೆಯ ಪ್ರತಿಗಳನ್ನು ಹುಡುಕಿ ಕೂಡಿಡುವ ಕಾರ್ಯವು ೧೮೯೧ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯವು ಸ್ಥಾಪಿತವಾದಂದಿನಿಂದ ಶ್ರದ್ಧೆಯಿಂದ ನಡೆದುಬಂದಿದೆ. ಶಿಲಾಶಾಸನಗಳನ್ನೂ ತಾಮ್ರಶಾಸನಗಳನ್ನೂ ರೈಸ್, ನರಸಿಂಹಾಚಾರ್ಯ ಮೊದಲಾದವರು ಊರೂರು ತಿರುಗಿ ಸಂಗ್ರಹಿಸಿದರು. ಆದರೆ ಗೃಹಸ್ಥರ ಮನೆಗಳಲ್ಲಿದ್ದ ಸಾಲಪತ್ರ, ಕ್ರಯಪತ್ರ, ಪಾಲುಪಟ್ಟಿ, ಗೇಣಿ ಚೀಟು, ಲೆಕ್ಕದ ಕಡತ ಇವುಗಳಿಗೆ ಅಷ್ಟು ಆದರವು ದೊರೆಯಲಿಲ್ಲ. ಇವುಗಳಲ್ಲಿ ರಸವಿಲ್ಲ, ಅಲಂಕಾರವಿಲ್ಲ, ರಾಜವಂಶಾವಳಿಯಿಲ್ಲ ಎಂಬುದೇ ಉಪೇಕ್ಷೆಗೆ ಕಾರಣವಿರಬೇಕು. ಈ ಲೇಖ್ಯಗಳನ್ನು ಬರೆಯುವ, ಕಾಪಾಡುವ, ನಷ್ಟವಾದರೆ ಪುನಃ ಮಾಡುವ, ಕಾರ್ಯ ಮುಗಿದಮೇಲೆ ವಿಸರ್ಜಿಸುವ ಕ್ರಮವು ಈ ನಾಡಿನಲ್ಲಿ ಹೇಗಿದ್ದಿತೆಂಬುದೇ ಪ್ರಕೃತ ವಿಚಾರ.

೨

ಈ ವಿಚಾರಕ್ಕೆ ಮೂಲಾಧಾರವಾದುದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಲೇಖ್ಯಪ್ರಕರಣ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ಗ್ರಂಥಾಂತ್ಯದಲ್ಲಿ ಆ ಪುರವನ್ನೂ ಆ ಅರಸನನ್ನೂ ಪ್ರಶಂಸಿಸಿರುವನು. ಆದಕಾರಣ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ಈ ಗ್ರಂಥವು ಕನ್ನಡನಾಡಿನ ವ್ಯವಹಾರವನ್ನು ಕಣ್ಣಾರೆ ಕಂಡವನು ಬರೆದುದೆಂಬುದನ್ನು ಮರೆಯಲಾಗದು.

ವಿಜ್ಞಾನೇಶ್ವರನು ಲೇಖ್ಯವನ್ನು ಶಾಸನ, ಜಾನಪದ ಎಂದು ಎರಡಾಗಿ ವಿಭಾಗಿಸುವನು. ಅರಸನು ಕೊಡುವುದು ಶಾಸನ; ಜನರು ತಮ್ಮತಮ್ಮೊಳಗೆ ಮಾಡಿಕೊಳ್ಳುವುದು ಜಾನಪದ. ಜಾನಪದವು ಪುನಃ ಸ್ವಹಸ್ತಕೃತ, ಅನ್ಯಕೃತ ಎಂದು ಎರಡು ವಿಧ. ತನ್ನ ಕೈಯಿಂದಲೇ ಬರೆದುದಕ್ಕೆ ಸಾಕ್ಷಿಗಳಿಲ್ಲದಿದ್ದರೂ ಪ್ರಾಮಾಣ್ಯವುಂಟು, ಬಲಾತ್ಕಾರದಿಂದಾಗಲಿ ವಂಚನೆಯಿಂದಾಗಲಿ ಬರೆಯಿಸಿದುದಾಗಿರಕೂಡದು. ಅನ್ಯನು ಬರೆದುದಕ್ಕೆ ಸಾಕ್ಷಿಗಳು ಅವಶ್ಯ. ಬೃಹಸ್ಪತಿಯು ಲೌಕಿಕ ಲೇಖ್ಯಗಳನ್ನು ಭಾಗ, ದಾನ, ಕ್ರಯ, ಆಧಾನ, ಸಂವಿತ್, ದಾಸ, ಋಣ ಎಂದು ಏಳಾಗಿ ಎಣಿಸುವನು. ಇವುಗಳಲ್ಲಿ ದಾಸಲೇಖ್ಯವೊಂದನ್ನು ಬಿಟ್ಟರೆ ಉಳಿದವೆಲ್ಲ ಪಾಲುಪಟ್ಟಿ, ದಾನಪತ್ರ, ಕ್ರಯಪತ್ರ, ಭೋಗ್ಯಪತ್ರ, ಒಡಂಬಡಿಕೆ, ಸಾಲಪತ್ರ ಎಂಬ ಹೆಸರುಗಳಿಂದ ಕನ್ನಡ ಮನೆಗಳ ಪೆಟ್ಟಿಗೆಗಳಲ್ಲಿ ಇದ್ದೇ ಇದ್ದುವು.

ಸಾಲಪತ್ರದಲ್ಲಿ ಏನೇನು ಇರಬೇಕೆಂಬುದನ್ನು ಸ್ಮೃತಿಕಾರನು ನಿಷ್ಕೃಷ್ಟವಾಗಿ ಹೇಳಿರುವನು. ವರ್ಷ, ಮಾಸ, ಪಕ್ಷ, ದಿನ, ಉಭಯರ ಹೆಸರು, ಜಾತಿ, ಗೋತ್ರ, ತಂದೆಯ ಹೆಸರು, ಒಪ್ಪಿದ ಅರ್ಥ. ಬರೆಹವು ಮುಗಿದಮೇಲೆ ಸಾಲಗಾರನು ಇಂಥವನ ಮಗನಾದ ತನಗೆ ಮೇಲೆ ಬರೆದುದು ಸಮ್ಮತವೆಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಂತಮ್ಮ ತಂದೆಯ ಹೆಸರಿನೊಡನೆ ಸ್ವಹಸ್ತದಿಂದ ಹಾಗೆಯೇ ಬರೆಯಬೇಕು. ಕೊನೆಯಲ್ಲಿ ಲೇಖಕನು ಉಭಯರ ಪ್ರಾರ್ಥನೆಯಂತೆ ಇದನ್ನು ಬರೆದವನು ಇಂಥವನೆಂದು ತನ್ನ ಹೆಸರನ್ನು ಹಾಕಬೇಕು. ಅಕ್ಷರವರಿಯದವನು ಇನ್ನೊಬ್ಬನಿಂದ ತನ್ನ ಸಮ್ಮತಿಯನ್ನು ಬರೆಯಿಸಬೇಕೆಂದು ಸ್ಮೃತ್ಯಂತರದಲ್ಲಿದೆ. ಹಳೆಯ ಪತ್ರಗಳ ಕಡೆಯಲ್ಲಿ ಕಾಣುವ ಸಾಕ್ಷಿಗಳ ರುಜು, ಬರೆದ ಶಾನುಭೋಗನ ಒಪ್ಪ, ಇವೆಲ್ಲಕ್ಕೂ ಮೂಲವು ಇಲ್ಲಿಯೇ ದೊರೆಯುತ್ತದೆ.

ರಕ್ಷಣೆಯ ವಿಷಯಕ್ಕೆ ಸಂಬಂಧಪಟ್ಟ ವಿಧಿಗಳು ಇನ್ನೂ ಗಮನಾರ್ಹವಾದುವು. ಪತ್ರಾರೂಢವಾದ ಋಣವನ್ನು ಮೂರು ತಲೆಯವರು, ಎಂದರೆ ಸಾಲ ಮಾಡಿದವನು, ಅವನ ಮಗ, ಮೊಮ್ಮಗ, ತೀರಿಸಬೇಕು. ಆಧಿಯಾದರೋ ಧನವು ಸಲ್ಲುವವರೆಗೂ ಭೋಗಿಸಲ್ಪಡುವುದು. ಹೀಗಿರಲು ಸಾಲಪತ್ರವನ್ನು ಮೂರು ತಲೆಯವರೆಗೂ, ಭೋಗ್ಯಪತ್ರವನ್ನು ಭೋಗವು ಬಿಡುಗಡೆಯಾಗುವವರೆಗೂ ಕಾಪಾಡಬೇಕೆಂಬುದು ಅರ್ಥಾತ್ ಸಿದ್ಧವಾಗುತ್ತದೆ. ಯಾವ ಪತ್ರವನ್ನು ಎಷ್ಟು ಕಾಲ ಇಡಬೇಕೆಂಬ ಪ್ರಶ್ನೆಗೆ ಸ್ಮೃತಿಯು ಬೇರೆ ಉತ್ತರವನ್ನು ಕೊಡದಿದ್ದರೂ ಋಣದ ಆಯುಸ್ಸೇ ಪತ್ರದ ಆಯುಸ್ಸು ಎಂಬ ನ್ಯಾಯವು ಅದರಲ್ಲಿ ಅಂತರ್ಗತವಾಗಿದೆ.

ಸಾಲಪತ್ರವು ಧನಿಕನ ಕೈಯಲ್ಲಿರುವುದು. ಆದುದರಿಂದ ಅಪಾಯವು ಸಾಲಗಾರನಿಗೆ ಹೆಚ್ಚು. ಸಲ್ಲಿಸಿದ ಹಣವು ಪತ್ರದಲ್ಲಿ ಕಾಣದೆ ಹೋದರೆ ಅವನು ಎರಡನೆಯ ಸಲ ಸಲ್ಲಿಸಬೇಕಾದೀತು. ಇದಕ್ಕೆ ಪರಿಹಾರವಾಗಿ, ಭಾಗಶಃ ಕೊಟ್ಟಾಗಲೆಲ್ಲ ಸಾಲಗಾರನು ಆ ಪತ್ರದ ಬೆನ್ನಿನ ಮೇಲೆಯೇ ಅದನ್ನು ಬರೆಯಬೇಕು, ಇಲ್ಲವೆ ಧನಿಕನು ಸ್ವಹಸ್ತಚಿಹ್ನೆಯುಳ್ಳ ಉಪಗತವನ್ನು, ಎಂದರೆ ಸಂದಾಯದ ರಸೀತಿಯನ್ನು, ಕೊಡಬೇಕು ಎಂದು ಹೇಳಿದೆ. ಪೂರ್ತಿಯಾಗಿ ತೀರಿಸಿದಮೇಲೆ ಪತ್ರವನ್ನು ಹರಿಯಬೇಕು. ಪತ್ರವು ದೊರೆಯದಿದ್ದರೆ ಋಣಶುದ್ಧಿಗಾಗಿ ಬೇರೊಂದು ಪತ್ರವನ್ನು ಮಾಡಿಸಿಕೊಳ್ಳಬೇಕು. ಸಾಕ್ಷಿಗಳ ಮುಂದೆ ಪಡೆದುದನ್ನು ಸಾಕ್ಷಿಗಳ ಮುಂದೆಯೇ ಸಲ್ಲಿಸಬೇಕು. ಪತ್ರವನ್ನು ಉಳಿಸುವುದು ಎಷ್ಟು ಅವಶ್ಯವೋ ಕಾಲ ಬಂದಾಗ ಅಳಿಸುವುದೂ ಅಷ್ಟೇ ಅವಶ್ಯವೆಂಬ ಈ ದೃಷ್ಟಿಯು ಸೂಕ್ಷ್ಮವಾದುದು. ತೀರಿದ ಸಾಲದ ಹರಿಯದ ಪತ್ರವು ಮೊಮ್ಮಗನ ಕಾಲಕ್ಕೆ ಹೊಸ ಸಾಲವಾಗಿ ಎದ್ದುನಿಲ್ಲಬಲ್ಲದು.

೩

ಎಷ್ಟು ಎಚ್ಚರಿಕೆಯಿದ್ದರೂ ಪತ್ರಗಳಿಗೆ ನಾಶವುಂಟು. ದೇಶಾಂತರದಲ್ಲಿ ಉಳಿದುದು, ಅಕ್ಷರವು ತಿಳಿಯದಂತೆ ಬರೆದುದು, ಕಳೆದುಹೋದುದು, ಒರಸಿಹೋದುದು, ಕಳುವಾದುದು, ಹರಿದುದು, ಸುಟ್ಟುದು, ತುಂಡಾದುದು ಎಂದು ಯಾಜ್ಞವಲ್ಕ್ಯನು ನಾಶದ ಬಗೆಗಳನ್ನು ಎಣಿಸಿ, ಇಂಥಲ್ಲಿ ಬೇರೆ ಪತ್ರವನ್ನು ಮಾಡಿಸಬೇಕೆನ್ನುವನು. ಉಭಯರೂ ಒಪ್ಪಿದರೆ ಹೀಗೆ. ಒಪ್ಪದೆ ವ್ಯಾಜ್ಯವಾದರೆ, ದೇಶಾಂತರದಲ್ಲಿರುವ ಪತ್ರವನ್ನು ತರಲು ದಾರಿಯ ದೂರಕ್ಕೆ ತಕ್ಕಷ್ಟು ಕಾಲಾವಕಾಶವನ್ನು ಕೊಡಬೇಕು, ಪತ್ರವು ನಷ್ಟವೇ ಆಗಿದ್ದರೆ ಸಾಕ್ಷಿಗಳಿಂದ ನಿರ್ಣಯಿಸಬೇಕು ಎಂದು ವಿಜ್ಞಾನೇಶ್ವರನು ವಿವರಿಸುವನು.

ಈ ವಿಧಿಯು ಕೇವಲ ಗ್ರಂಥಸ್ಥವಾಗಿರಲಿಲ್ಲವೆಂಬುದಕ್ಕೆ ತಾಮ್ರಶಾಸನಗಳಲ್ಲಿ ಪ್ರತ್ಯಕ್ಷ ಪ್ರಮಾಣವಿದೆ. ದಕ್ಷಿಣ ಕೋಸಲದ ಶರಭಪುರೀಯ ವಂಶದ ನರೇಂದ್ರನ ಕುರುದ್ ಶಾಸನದಲ್ಲಿ ಹೇಳಿರುವುದೇನೆಂದರೆ: ಹಿಂದೆ ದತ್ತವಾದ ಗ್ರಾಮಕ್ಕೆ ತಾಳೆಯೋಲೆಯ ಮೇಲೆ ಶಾಸನವಿದ್ದಿತು, ಮನೆಗೆ ಬೆಂಕಿ ತಗುಲಿ ಅದು ಸುಟ್ಟುಹೋಯಿತು, ಗ್ರಾಮವು ಎಡೆಬಿಡದೆ ಆ ಮನೆತನದವರ ಭೋಗದಲ್ಲಿಯೇ ಇದ್ದಿತೆಂಬುದನ್ನು ಅಧಿಕರಣವು ನಿಶ್ಚಯಿಸಿದಮೇಲೆ ತಾಮ್ರದ ಮೇಲೆ ಹೊಸ ಶಾಸನವನ್ನು ಕೊಟ್ಟರು. ಕಾಮರೂಪದ ಭಾಸ್ಕರವರ್ಮನು ಏಳನೆಯ ಶತಮಾನದಲ್ಲಿ ಕೊಟ್ಟ ನಿಧಾನಪುರದ ಶಾಸನವೂ, ಅವನ ಪೂರ್ವಜನಾದ ಭೂತಿವರ್ಮನು ಕೊಟ್ಟಿದ್ದ ಶಾಸನವು ಸುಟ್ಟುದರಿಂದ ಪುನಃ ಬರೆಯಿಸಿಕೊಟ್ಟುದೇ ಆಗಿದೆ. ಓಲೆಯು ಬೆಂಕಿಯಲ್ಲಿ ನಿಲ್ಲದು, ತಾಮ್ರವಾದರೂ ನಿಂತೀತು ಎಂಬ ಅನುಭವದ ಪಾಠವು ಮೊದಲನೆಯದರಲ್ಲಿ ಸ್ಪಷ್ಟವಾಗಿದೆ. ತಾಮ್ರವೂ ಬೆಂಕಿಗೆ ಅತೀತವಲ್ಲವೆಂಬುದು ಎರಡನೆಯದರಿಂದ ತಿಳಿಯುತ್ತದೆ. ಪತ್ರವು ಹೋದಾಗ ಹಕ್ಕನ್ನು ಉಳಿಸಿದುದು ಅವಿಚ್ಛಿನ್ನವಾದ ಭೋಗವೂ ಅದನ್ನು ಬಲ್ಲವರ ಸಾಕ್ಷ್ಯವೂ.

ತಾಮ್ರಶಾಸನದ ರಚನೆಯಲ್ಲಿಯೇ ರಕ್ಷಣೆಯ ಉಪಾಯಗಳು ಅಡಗಿವೆ. ಹಲವು ಶಾಸನಗಳಲ್ಲಿ ಹಲಗೆಗಳ ಅಂಚನ್ನು ಸ್ವಲ್ಪ ಎತ್ತರಿಸಿರುವುದರಿಂದ ಒಂದರ ಅಕ್ಷರವು ಇನ್ನೊಂದಕ್ಕೆ ಉಜ್ಜಿ ಸವೆಯದು. ಮೊದಲನೆಯ ಹಲಗೆಯ ಹೊರಮುಖವನ್ನು ಬರೆಯದೆ ಬಿಡುವುದು ವಾಡಿಕೆ. ಅದು ಪುಸ್ತಕದ ರಟ್ಟಿನಂತೆ ಇರುತ್ತದೆ. ಹಲಗೆಗಳನ್ನು ಪೋಣಿಸಿದ ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆದಿರುವುದರಿಂದ ನಡುವೆ ಒಂದು ಹಲಗೆಯನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಸುಲಭವಲ್ಲ. ಸಂಸ್ಕೃತಶಾಸನಗಳಲ್ಲಿಯೂ ಭೂಮಿಯ ಎಲ್ಲೆಗಳನ್ನು ಅನೇಕ ವೇಳೆ ಕನ್ನಡದಲ್ಲಿ ಬರೆದಿರುವುದು ಕವಿಯ ಅಶಕ್ತಿಯಿಂದಲ್ಲ. ವಿವಾದಕಾಲದಲ್ಲಿ ಅದನ್ನು ಓದಿಸಿ ಕೇಳತಕ್ಕವರು ಆ ಊರಿನ ಒಕ್ಕಲು ಮಕ್ಕಳು. ನಂದಿನಾಗರಿಯಲ್ಲಿ ಬರೆದ ವಿಜಯನಗರದ ಶಾಸನಗಳ ಕೊನೆಯಲ್ಲಿ ಶ್ರೀ ವಿರೂಪಾಕ್ಷ ಎಂಬ ಒಪ್ಪವು ಕನ್ನಡಲಿಪಿಯಲ್ಲಿರುವುದು ಸ್ಮೃತಿಯು ಹೇಳುವ ಸ್ವಹಸ್ತಚಿಹ್ನೆಯ ಸ್ಥಾನದಲ್ಲಿಯೇ. ಇಷ್ಟಾದರೂ ಕೂಟಶಾಸನಗಳು ಹುಟ್ಟದೆ ಇರಲಿಲ್ಲ. ಅಂಥವನ್ನು ಮಾಡಿದವನಿಗೆ ಮನುವು ವಧದಂಡವನ್ನೇ ವಿಧಿಸಿರುವನು.

೪

ಅರಸನ ದಾನಕ್ಕೆ ತಾಮ್ರವು ಸಲ್ಲುವುದು. ದಿನದಿನದ ಕೊಡುಕೊಳ್ಳೆಗೆ ಸಲ್ಲದು. ಗೃಹಸ್ಥನಿಗೂ ವರ್ತಕನಿಗೂ ಶಾನುಭೋಗನಿಗೂ ಬೇಕಾದುದು ಅಗ್ಗವಾದ, ಹಗುರವಾದ, ಬಹುಕಾಲ ಬಾಳುವ ಸಾಧನ. ಕನ್ನಡನಾಡು ಇದಕ್ಕೆ ಕಂಡುಕೊಂಡ ಉತ್ತರವೇ ಕಡತ.

ಶಾಸನವನ್ನು ಪಟದ ಮೇಲಾಗಲಿ ತಾಮ್ರಪಟ್ಟದ ಮೇಲಾಗಲಿ ಬರೆಯಿಸಬೇಕೆಂಬ ಯಾಜ್ಞವಲ್ಕ್ಯವಚನಕ್ಕೆ ವ್ಯಾಖ್ಯಾನ ಮಾಡುವಾಗ ವಿಜ್ಞಾನೇಶ್ವರನು ಪಟವೆಂದರೆ ಹತ್ತಿಯ ಬಟ್ಟೆಯೆಂದು ವಿವರಿಸುವನು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನೊಡನೆ ಬಂದಿದ್ದ ನಿಯಾರ್ಕಸನೂ ಭಾರತೀಯರು ಒತ್ತಾಗಿ ನೆಯ್ದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುವರೆಂದು ಹೇಳಿರುವನು. ಚಾಳುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಕಡಿತವೆರ್ಗಡೆ ಎಂಬ ಅಧಿಕಾರಿಯ ಹೆಸರು ಬರುತ್ತದೆ. ಕಡಿತವೆಂದರೆ ಲೆಕ್ಕದ ಪುಸ್ತಕ, ಅದರ ಮೇಲಣ ಹೆಗ್ಗಡೆಯೇ ಕಡಿತವೆರ್ಗಡೆ. ಇವುಗಳನ್ನು ಕೂಡಿಸಿ ನೋಡಿದರೆ, ಮಿತಾಕ್ಷರಾಕಾರನು ಬಟ್ಟೆಯ ಲೇಖ್ಯವನ್ನು ಕುರಿತು ಬರೆದಾಗ ಕಲ್ಯಾಣದ ಕರಣಶಾಲೆಯಲ್ಲಿ ಕಡಿತಗಳು ಅವನ ಕಣ್ಣಮುಂದೆ ಇದ್ದಿರಬಹುದೆಂಬ ಊಹೆಗೆ ಅವಕಾಶವಿದೆ. ಅದು ಊಹೆಯೇ ಹೊರತು ಸಿದ್ಧಾಂತವಲ್ಲ.

ಕಡತದ ರಚನೆಯನ್ನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ವಿವರವಾಗಿ ತಿಳಿಸಿರುವನು. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ ೧೨ರಿಂದ ೧೮ ಅಡಿಗಳ ಉದ್ದವೂ ಉಳ್ಳ ಹತ್ತಿಯ ಬಟ್ಟೆಯ ಪಟ್ಟಿಗೆ ಎರಡು ಕಡೆಯೂ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಬಳಿದು ಒಣಗಿಸುವರು. ಈ ಅಂಟನ್ನು ಹುಣಿಸೆಯ ಬೀಜದಿಂದ ತೆಗೆಯುವುದು ರೂಢಿ. ಒಣಗಿದಮೇಲೆ ಬಟ್ಟೆಯನ್ನು ಕತ್ತರಿಸದೆಯೇ ಸಮನಾದ ಪುಟಗಳಾಗಿ ಮಡಿಸಿ, ಎರಡು ತುದಿಗಳಿಗೂ ಬಣ್ಣ ಬಳಿದ ಮರದ ಹಲಗೆಗಳನ್ನು ಸೇರಿಸಿ, ರೇಷ್ಮೆಯ ಅಥವಾ ಹತ್ತಿಯ ಚೀಲದಲ್ಲಿಡುವರು. ಬಡವರ ಕಡತಕ್ಕೆ ಈ ಅಲಂಕಾರವಿಲ್ಲ. ಒಂದು ಹುರಿಯಿಂದ ಕಟ್ಟಿದರೆ ಸಾಕು. ಬರೆಯುವುದು ಬಳಪದಿಂದ. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ. ಬೇಕಾದಾಗ ಒರಸಿ ಪುನಃ ಬರೆಯಬಹುದು.

ವಿಲ್ಕ್ಸನ ಕಾಲಕ್ಕೆ ಮೈಸೂರು ಸೀಮೆಯ ವರ್ತಕರೂ ಅಂಗಡಿಯವರೂ ಎಲ್ಲರೂ ಕಡತವನ್ನೇ ಬಳಸುತ್ತಿದ್ದರು. ಸಾಕ್ಷಿಗಳ ರುಜುವಿನೊಡನೆ ವರ್ತಕನ ಕಡತದಲ್ಲಿ ಬರೆದ ಸಾಲಪತ್ರವೊಂದನ್ನು ವಿಚಾರಣೆಯಲ್ಲಿ ಹಾಜರುಪಡಿಸಿ ಪ್ರಮಾಣವಾಗಿ ಸ್ವೀಕರಿಸಿದುದನ್ನು ಅವನು ಕಂಡಿದ್ದನು. ಕಲ್ಲು ತಾಮ್ರಗಳನ್ನು ಬಿಟ್ಟರೆ ಈ ದೇಶದಲ್ಲಿ ಬಳಸುವ ಮತ್ತಾವ ಸಾಧನವೂ, ಉತ್ತಮವಾದ ಕಾಗದವೂ ಕೂಡ, ಇದರಷ್ಟು ಬಾಳದೆಂಬುದು ಅವನ ಅಭಿಪ್ರಾಯ. ಆದರೆ ಒರಸಲು ಸುಲಭವಾದ ಬರೆಹವನ್ನು ನಂಬುವುದು ಹೇಗೆಂಬ ಆಕ್ಷೇಪವೂ ಹಿಂದೆಯೇ ಹುಟ್ಟಿತ್ತು. ಟಿಪ್ಪು ಸುಲ್ತಾನನು ಸರ್ಕಾರದ ಲೆಕ್ಕಗಳಿಗೆ ಕಡತವನ್ನು ಬಳಸಕೂಡದೆಂದು ನಿಷೇಧಿಸಿದ್ದನೆಂದು ವಿಲ್ಕ್ಸನೇ ಹೇಳುವನು.

ಈ ಎರಡು ಅಭಿಪ್ರಾಯಗಳಲ್ಲಿ ವಿರೋಧವಿಲ್ಲ. ಬಾಳಿಕೆಯು ಬೇರೆ, ಅವಿಕಾರಿತ್ವವು ಬೇರೆ. ಕಡತಕ್ಕೆ ಮೊದಲನೆಯದಿದೆ, ಎರಡನೆಯದಿಲ್ಲ. ಕಾಗದದ ಮೇಲಣ ಮಸಿಯ ಬರೆಹವನ್ನು ತಿದ್ದಿದರೆ ಗುರುತು ಉಳಿಯುವುದು, ಆದರೆ ಗೆದ್ದಲಿಗೂ ತೇವಕ್ಕೂ ಕಾಗದವು ಬೇಗ ತುತ್ತಾಗುವುದು. ವರ್ತಕನ ಮನೆಯಲ್ಲಿ ಕಡತಕ್ಕೆ ನಂಬಿಕೆ ಬಂದುದು ವಸ್ತುವಿನ ಗುಣದಿಂದಲ್ಲ. ಸಾಕ್ಷಿಗಳ ಸ್ವಹಸ್ತದಿಂದ, ಪುಟಗಳನ್ನು ಕತ್ತರಿಸದೆ ಮಡಿಸಿದುದರಿಂದ ನಡುವಣ ಹಾಳೆಯನ್ನು ಕಿತ್ತುಹಾಕಲಾಗದ ಕಟ್ಟಿನಿಂದ, ಅದನ್ನು ಇಟ್ಟುಕೊಂಡವನ ಮರ್ಯಾದೆಯಿಂದ. ಸರ್ಕಾರದ ಲೆಕ್ಕವಾದರೋ ಕೈಯಿಂದ ಕೈಗೆ ಹೋಗತಕ್ಕುದು. ಅಲ್ಲಿ ಇಂಥ ನಂಬಿಕೆಯು ಸಾಲದಾಗುವುದು ಸಹಜವೇ.

ಕನ್ನಡ ಜಿಲ್ಲೆಯಲ್ಲಿ ಕಡತಗಳಿಗೂ ಹಳೆಯ ಪತ್ರಗಳಿಗೂ ಇನ್ನೊಂದು ಮಹತ್ತ್ವವು ಬಂದಿತು. ೧೭೯೯ರಲ್ಲಿ ಆ ಸೀಮೆಯ ಮೊದಲನೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಶಾನುಭೋಗರ ಹಳೆಯ ಲೆಕ್ಕಗಳನ್ನೂ ಭೂಮಿಯ ಪತ್ರಗಳನ್ನೂ ಪರಿಶೀಲಿಸಿ, ಅಲ್ಲಿ ಭೂಮಿಯು ಬಹುಕಾಲದಿಂದ ಪ್ರಜೆಗಳ ಸ್ವಂತ ಸೊತ್ತೆಂದು ನಿರ್ಣಯಿಸಿದನು. ಪೂರ್ವದ ಅರಸರ ವಂಶಗಳು ಅಳಿದರೂ ಆ ಲೆಕ್ಕಗಳು ಅಳಿದಿರಲಿಲ್ಲ.

೫

ಲೇಖ್ಯವಿದ್ದುದರಿಂದ ಹಕ್ಕು ಉಳಿದುದಕ್ಕೆ ಇದು ನಿದರ್ಶನವಾದರೆ, ಲೇಖ್ಯವಿಲ್ಲದೆ ಹಕ್ಕು ಹೋದುದಕ್ಕೂ ನಿದರ್ಶನಗಳು ಕಡಮೆಯಲ್ಲ. ೧೮೧೮ರಲ್ಲಿ ಪೇಶ್ವೆಯರ ಆಳ್ವಿಕೆಯು ಮುಗಿದಮೇಲೆ ಧಾರವಾಡ, ಬೆಳಗಾವಿ ಪ್ರಾಂತಗಳಲ್ಲಿ ಇನಾಮು ಭೂಮಿಗಳ ವಿಚಾರವು ಎದ್ದಿತು. ೧೮೫೨ರ ೧೧ನೆಯ ಕಾಯಿದೆಯ ಮೇರೆಗೆ ಇನಾಮು ಕಮಿಷನ್ ಪ್ರತಿಯೊಬ್ಬ ಇನಾಮುದಾರನ ಸನದನ್ನೂ ಪರೀಕ್ಷಿಸತೊಡಗಿತು. ತಲೆತಲಾಂತರದಿಂದ ಅನುಭವಿಸುತ್ತಿದ್ದವರಲ್ಲಿ ಅನೇಕರ ಬಳಿ ಮೂಲ ಸನದು ಇರಲಿಲ್ಲ. ಗಲಭೆಗಳಲ್ಲಿ ಸುಟ್ಟೋ, ಹುಳು ತಿಂದೋ, ದಾಯಾದಿಗಳ ಪಾಲಿನಲ್ಲಿ ಚದರಿಯೋ ಹೋಗಿದ್ದಿತು. ಸರ್ಕಾರದ ಕೈಯಲ್ಲಾದರೋ ಪೇಶ್ವೆಯರ ದಫ್ತರವಿದ್ದಿತು. ಹೀಗೆ ಒಂದು ಪಕ್ಷಕ್ಕೆ ದಫ್ತರವೂ ಇನ್ನೊಂದು ಪಕ್ಷಕ್ಕೆ ನೆನಪೂ ಆಧಾರವಾದ ವಾದದಲ್ಲಿ ಬಹುಜನರು ಭೂಮಿಯನ್ನು ಕಳೆದುಕೊಂಡರು. ಈ ಅಸಮಾಧಾನವು ದಕ್ಷಿಣ ಮರಾಠಾ ಸೀಮೆಯ ಕ್ಷೋಭೆಗೆ ಒಂದು ಕಾರಣವಾಯಿತು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬನ ದಂಗೆಯಲ್ಲಿ ಹತನಾದ ಮ್ಯಾನ್ಸನನು ಮೊದಲು ಇನಾಮು ಕಮಿಷನ್ನಿನಲ್ಲಿಯೇ ಕೆಲಸ ಮಾಡಿದ್ದವನು. ಕುರುದ್ ಶಾಸನದ ಅಧಿಕರಣವು ಅವಿಚ್ಛಿನ್ನ ಭೋಗವನ್ನು ವಿಚಾರಿಸಿ ಹೊಸ ಪತ್ರವನ್ನು ಕೊಟ್ಟುದನ್ನೂ ಇದನ್ನೂ ಹೋಲಿಸಿದರೆ ನ್ಯಾಯದೃಷ್ಟಿಯ ಅಂತರವು ತಿಳಿಯುವುದು.

ಇದರ ಇನ್ನೊಂದು ಮುಖವು ಇಪ್ಪತ್ತನೆಯ ಶತಮಾನದಲ್ಲಿ ಕಂಡಿತು. ೧೯೭೪ರ ಮಾರ್ಚಿ ೧ರಿಂದ ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ಗೇಣಿಯ ಭೂಮಿಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಅರ್ಜಿ ಹಾಕಿ ಸ್ವಾಮ್ಯವನ್ನು ಪಡೆಯಬಹುದಾಯಿತು. ಆದರೆ ಆ ದಿನಕ್ಕೆ ತಾನು ಗೇಣಿದಾರನಾಗಿದ್ದೆನೆಂದು ಅವನು ಭೂನ್ಯಾಯಮಂಡಲಿಯ ಮುಂದೆ ತೋರಿಸಬೇಕಾಗಿದ್ದಿತು. ಗೇಣಿ ಚೀಟನ್ನೋ ಗೇಣಿ ಸಂದಾಯದ ರಸೀತಿಯನ್ನೋ ಹಂಚಿನ ಸಂದಿಯಲ್ಲಿ ಇಟ್ಟು ಕಾಪಾಡಿದ್ದವನಿಗೆ ಅದು ಊರುಗೋಲಾಯಿತು. ಬಾಯಿಮಾತಿನ ಗೇಣಿಯವನಿಗೆ ಪಹಣಿಯ ಬರೆಹವೂ ನೆರೆಹೊರೆಯವರ ಸಾಕ್ಷ್ಯವೂ ಮಾತ್ರ ಉಳಿದುವು. ಸಲ್ಲಿಸಿದವನು ಉಪಗತವನ್ನು ಕೇಳಿ ಪಡೆಯಬೇಕೆಂಬ ಸ್ಮೃತಿಯ ವಿಧಿಯು ಯಾರ ಹಿತಕ್ಕಾಗಿ ಹುಟ್ಟಿತೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಲೇಖ್ಯರಕ್ಷಣೆಯು ಧನಿಕರ ಕಾರ್ಯವೆಂದು ಭಾವಿಸುವುದು ತಪ್ಪು. ಒಂದೇ ಚೀಟಿಯುಳ್ಳ ಬಡವನಿಗೆ ಆ ಚೀಟಿಯೇ ಸರ್ವಸ್ವ.

೬

ಲೇಖ್ಯಗಳು ವ್ಯವಹಾರಕ್ಕೆ ಬೇಡವಾದಮೇಲೂ ಇತಿಹಾಸಕ್ಕೆ ಬೇಕಾಗುವುವು. ೧೯೧೬ರಲ್ಲಿ ರಾವ್‌ಬಹದ್ದೂರ್ ನರಸಿಂಹಾಚಾರ್ಯರು ಶೃಂಗೇರಿ ಮಠದ ಪತ್ರಗಳ ನಡುವೆ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆದಿದ್ದ ಕನ್ನಡ ಪತ್ರಗಳನ್ನು ಕಂಡರು. ೧೭೯೧ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಸುಲಿದ ಸಂಗತಿಯೂ ಮಠದ ಪುನಃಪ್ರತಿಷ್ಠೆಗೆ ಸುಲ್ತಾನನು ಮಾಡಿದ ಸಹಾಯವೂ ಅವುಗಳಿಂದ ಬೆಳಕಿಗೆ ಬಂದುವು. ಮಠದವರು ಲೆಕ್ಕದ ಕಡತಗಳನ್ನೂ ಬಂದ ಪತ್ರಗಳನ್ನೂ ಕಟ್ಟಿಟ್ಟುದು ಇತಿಹಾಸಕಾರರಿಗಾಗಿ ಅಲ್ಲ, ಸಂಸ್ಥಾನದ ಹಕ್ಕುಬಾಧ್ಯತೆಗಳಿಗಾಗಿ. ಆದರೂ ಫಲವು ಇತಿಹಾಸಕ್ಕೆ ಬಂದಿತು.

ಮನೆತನದ ಕಡತಗಳಿಗೆ ಈ ಭಾಗ್ಯವು ವಿರಳ. ೧೯೬೩ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದಮೇಲೆ ಶಾನುಭೋಗರ ಮನೆಗಳಲ್ಲಿ ಉಳಿದ ಹಳೆಯ ಲೆಕ್ಕಗಳನ್ನು ಕೇಳುವವರಿಲ್ಲದಂತಾಯಿತು. ಪಹಣಿಗಳು ಗಣಕಯಂತ್ರಕ್ಕೆ ಸೇರಿದಮೇಲೆ ಕೈಬರೆಹದ ಪುಸ್ತಕಗಳ ಮೇಲಣ ಗಮನವು ಇನ್ನೂ ಕುಗ್ಗಿತು. ಮೋಡಿಯನ್ನೂ ಹಳೆಯ ಶಾನುಭೋಗಿಕೆಯ ಕನ್ನಡ ಬರೆಹವನ್ನೂ ಓದಬಲ್ಲವರು ಕಡಮೆಯಾದುದರಿಂದ, ಏನೆಂದು ತಿಳಿಯದ ಕಟ್ಟುಗಳು ಮನೆ ಬದಲಾಯಿಸುವಾಗ ಒಲೆಗೋ ತೂಕಕ್ಕೋ ಹೋಗುವುವು. ಕಡತವೆಂಬ ಶಬ್ದವು ಕಛೇರಿಗಳಲ್ಲಿ ಕಾಗದದ ಕಟ್ಟಿಗೆ ಹೆಸರಾಗಿ ಬಾಳಿತು; ಆ ಹೆಸರಿನ ಮೂಲವಸ್ತುವು ಕಣ್ಮರೆಯಾಗುತ್ತಿದೆ.

ಈ ಪ್ರಸಂಗದಲ್ಲಿ ಸಾಕ್ಷ್ಯಶಾಸ್ತ್ರದ ಒಂದು ತತ್ತ್ವವು ವಿದ್ವಾಂಸರಿಗೂ ಉಪಯುಕ್ತವಾಗಿದೆ. ೩೦ ವರ್ಷ ಹಳೆಯದಾದ ಪತ್ರವು ಯೋಗ್ಯವಾದ ವಶದಿಂದ ಬಂದರೆ ಅದರ ರುಜುವಾತನ್ನು ನ್ಯಾಯಾಲಯವು ಭಾವಿಸಿಕೊಳ್ಳಬಹುದೆಂದು ೧೮೭೨ರ ಸಾಕ್ಷ್ಯ ಕಾಯಿದೆಯು ಹೇಳಿದ್ದಿತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನೇ ಉಳಿಸಿಕೊಂಡಿದೆ. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವು ಪ್ರಮಾಣಕ್ಕೆ ಬರುವುದಾದರೂ ಅದೊಂದರಿಂದಲೇ ಯಾರ ಮೇಲೂ ಹೊಣೆಯನ್ನು ಹೊರಿಸಲಾಗದೆಂಬುದೂ ಎರಡರಲ್ಲಿಯೂ ಇದೆ. ಸಂದಿಗ್ಧವಾದ ಲೇಖ್ಯವನ್ನು ಸ್ವಹಸ್ತಲಿಖಿತಾದಿಗಳೊಡನೆ ಹೋಲಿಸಿ, ಯುಕ್ತಿ, ಪ್ರಾಪ್ತಿ, ಚಿಹ್ನೆ, ಸಂಬಂಧ, ಆಗಮಗಳಿಂದ ಶೋಧಿಸಬೇಕೆಂಬ ಯಾಜ್ಞವಲ್ಕ್ಯನ ಮಾತಿಗೆ ಇವು ದೂರವಲ್ಲ.

ಇತಿಹಾಸದ ಲೇಖ್ಯಕ್ಕೂ ಯೋಗ್ಯವಾದ ವಶವೇ ಪ್ರಾಣ. ಯಾವ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ, ಯಾವ ಪತ್ರಗಳೊಡನೆ ಕಟ್ಟಿದ್ದಿತೆಂಬುದನ್ನು ಗುರುತಿಸದೆ ಹೊರತಂದ ಕಡತವು ತನ್ನ ಸಾಕ್ಷ್ಯದ ಅರ್ಧವನ್ನು ಅಲ್ಲಿಯೇ ಬಿಟ್ಟುಬರುವುದು. ಆದುದರಿಂದ ಕಟ್ಟನ್ನು ಬಿಚ್ಚುವ ಮೊದಲು ಇದ್ದ ಕ್ರಮವನ್ನು ಬರೆದುಕೊಳ್ಳುವುದು, ಬಳಪದ ಅಕ್ಷರವನ್ನು ಕೈಯಿಂದಲೂ ಬಟ್ಟೆಯಿಂದಲೂ ಉಜ್ಜದಿರುವುದು, ಛಾಯಾಚಿತ್ರವನ್ನು ತೆಗೆದು ಮೂಲವನ್ನು ಮನೆತನಕ್ಕೇ ಮರಳಿಸುವುದು, ಇಷ್ಟಾದರೂ ಆಗತಕ್ಕುದು. ನವರಾತ್ರಿಯಲ್ಲಿ ಪುಸ್ತಕಗಳನ್ನು ಧೂಳು ಕೊಡವಿ ಪೂಜೆಗಿಡುವ, ದೀಪಾವಳಿಯಲ್ಲಿ ವರ್ತಕರು ಕಿರ್ದಿ ಖಾತೆಗಳನ್ನು ಪೂಜಿಸುವ ಆಚಾರಗಳು ವರ್ಷಕ್ಕೊಮ್ಮೆ ಲೇಖ್ಯಗಳನ್ನು ಬೆಳಕಿಗೆ ತರುತ್ತ ಬಂದಿವೆ. ಆ ದಿನ ಹಳೆಯ ಕಟ್ಟುಗಳ ಒಂದು ಪಟ್ಟಿಯನ್ನು ಮನೆಯ ಯಜಮಾನನು ಬರೆದಿಡುವುದಾದರೆ, ಪೂಜೆಯ ಪ್ರಯೋಜನವು ಆ ಮನೆಗೂ ನಾಡಿನ ಚರಿತ್ರೆಗೂ ಒಟ್ಟಿಗೆ ಸಲ್ಲುವುದು.